ಇನ್‌ಸ್ಟಾಗ್ರಾಂ ಕ್ಯಾರೊಸೆಲ್: ಅಳತೆಯಿಂದ ಅಪ್‌ಲೋಡ್‌ವರೆಗೆ

ಕ್ಯಾರೊಸೆಲ್, ಅಂದರೆ ಒಂದೇ ಪೋಸ್ಟಿನಲ್ಲಿ ಬೆರಳಿನಿಂದ ಸರಿಸಿ ನೋಡುವ ಚಿತ್ರಗಳ ಸಾಲು, ಕೆಡುವುದು ಬಣ್ಣ ಬಳಿಯುವಾಗ ಅಲ್ಲ, ಅದಕ್ಕೂ ಮುಂಚೆ. ಕ್ಯಾನ್ವಾಸ್ ಅಳತೆ ತಪ್ಪಿರುತ್ತದೆ, ಅಕ್ಷರದ ಗಾತ್ರವನ್ನು ಕಂಪ್ಯೂಟರ್ ಪರದೆಯ ಮೇಲೆ ನೋಡಿ ಇಟ್ಟಿರುತ್ತಾರೆ, ಎಲ್ಲಿ ಏನು ಕತ್ತರಿಸಿಹೋಗುತ್ತದೆ ಎಂಬ ಲೆಕ್ಕವೇ ಇರುವುದಿಲ್ಲ. ಆಮೇಲೆ ಎಷ್ಟು ಚಂದದ ಟೆಂಪ್ಲೇಟ್ ಹಾಕಿದರೂ ಫೋನ್‌ನಲ್ಲಿ ಅದು ಓದಲಾಗದ ಚೀಟಿ. ಆದ್ದರಿಂದ ಇಲ್ಲಿ ವಿನ್ಯಾಸದ ಮಾತು ನಡುವಿನಲ್ಲಿ ಬರುತ್ತದೆ. ಮೊದಲು ಬರಹ, ಆಮೇಲೆ ಅಳತೆ.

ಬರಹ ಮೊದಲು

ವಿನ್ಯಾಸದ ಆ್ಯಪ್ ತೆರೆಯಬೇಡಿ. ಒಂದು ನೋಟ್‌ಪ್ಯಾಡ್‌ನಲ್ಲಿ 1ರಿಂದ 8ರವರೆಗೆ ಸಂಖ್ಯೆ ಬರೆದು, ಪ್ರತಿ ಸಂಖ್ಯೆಯ ಮುಂದೆ ಆ ಸ್ಲೈಡ್ ಹೇಳಬೇಕಾದ ಒಂದೇ ಒಂದು ವಿಷಯವನ್ನು ಒಂದು ಸಾಲಿನಲ್ಲಿ ಬರೆಯಿರಿ. ಯಾವುದೇ ಸಾಲಿನಲ್ಲಿ ‘ಮತ್ತು’ ಬಂದರೆ ಅದು ಎರಡು ಸ್ಲೈಡ್. ಇನ್‌ಸ್ಟಾಗ್ರಾಂ 2017ರ ಫೆಬ್ರವರಿಯಲ್ಲಿ ಈ ಸೌಲಭ್ಯ ತಂದಾಗ ಹತ್ತು ಚಿತ್ರಗಳ ಮಿತಿ ಇತ್ತು, 2024ರ ಆಗಸ್ಟ್‌ನಲ್ಲಿ ಅದು ಇಪ್ಪತ್ತಕ್ಕೆ ಏರಿತು. ಜಾಗ ಇದೆಯೆಂದು ಇಪ್ಪತ್ತನ್ನೂ ತುಂಬಬೇಕಿಲ್ಲ. ತಿಳಿವಳಿಕೆ ಕೊಡುವ ಪೋಸ್ಟ್‌ಗೆ ಏಳರಿಂದ ಹತ್ತು ಸ್ಲೈಡ್ ಧಾರಾಳವಾಗಿ ಸಾಕು.

ಮೊದಲ ಸ್ಲೈಡ್‌ಗೆ ಐದರಿಂದ ಎಂಟು ಪದ. ವಿಷಯದ ಹೆಸರು ಹೇಳಿದರೆ ಸಾಲದು, ಓದುಗನಿಗೆ ಏನು ಸಿಗುತ್ತದೆ ಎಂದು ಹೇಳಬೇಕು. ‘ಫೋಟೊಗ್ರಫಿ ಟಿಪ್ಸ್’ ಎಂದು ಬರೆದರೆ ಯಾರ ಬೆರಳೂ ನಿಲ್ಲುವುದಿಲ್ಲ. ‘ರಾತ್ರಿ ಫೋಟೊ ಮಸುಕಾಗೋದು ಕ್ಯಾಮೆರಾ ತಪ್ಪಲ್ಲ’ ಎಂದರೆ ‘ಹಾಗಾದರೆ ಯಾರ ತಪ್ಪು?’ ಎನ್ನುವ ಪ್ರಶ್ನೆ ಓದುಗನಲ್ಲೇ ಹುಟ್ಟುತ್ತದೆ, ಬೆರಳು ಸರಿಯುತ್ತದೆ.

ಎರಡನೆಯ ಸ್ಲೈಡ್ ಬಗ್ಗೆ ಹೆಚ್ಚಿನವರು ಯೋಚಿಸುವುದೇ ಇಲ್ಲ. ಕ್ಯಾರೊಸೆಲ್ ಅನ್ನು ಒಮ್ಮೆ ನೋಡಿ, ಸರಿಸದೆ ಮುಂದೆ ಹೋದವರಿಗೆ ಫೀಡ್ ಅದೇ ಪೋಸ್ಟನ್ನು ಮತ್ತೊಮ್ಮೆ ತೋರಿಸುವುದುಂಟು. ಆಗ ಎಷ್ಟೋ ಸಲ ಕಾಣುವುದು ಎರಡನೆಯ ಸ್ಲೈಡ್. ಹಾಗಾಗಿ ಅಲ್ಲಿ ‘ಬನ್ನಿ, ತಿಳಿಯೋಣ’ ಎಂಬಂಥ ಪೀಠಿಕೆ ಹಾಕಿದರೆ ಸಿಕ್ಕ ಎರಡನೇ ಅವಕಾಶವನ್ನೂ ಚೆಲ್ಲಿದಂತೆ. ಮೊದಲನೆಯದನ್ನು ನೋಡದವನಿಗೂ ಅರ್ಥವಾಗುವ ಇನ್ನೊಂದು ಬಾಗಿಲಾಗಿ ಅದನ್ನು ಬರೆಯಿರಿ: ‘ಮಂದ ಬೆಳಕಿನಲ್ಲಿ ಶಟರ್ ಹೆಚ್ಚು ಹೊತ್ತು ತೆರೆದಿರುತ್ತದೆ. ಆ ಹೊತ್ತಿನಲ್ಲಿ ಕೈ ಅಲುಗಿದರೆ ಚಿತ್ರವೂ ಅಲುಗುತ್ತದೆ.’ ಇದು ತನ್ನಷ್ಟಕ್ಕೇ ನಿಲ್ಲುತ್ತದೆ.

ಉಳಿದ ಸ್ಲೈಡ್‌ಗಳಲ್ಲಿ ಇಪ್ಪತ್ತೈದು ಪದ ಮೀರದಿದ್ದರೆ ಒಳ್ಳೆಯದು. ಕೊನೆಯದರಲ್ಲಿ ಒಂದೇ ಕೋರಿಕೆ ಇರಲಿ: ಸೇವ್ ಮಾಡಿ, ಅಥವಾ ಸ್ನೇಹಿತರಿಗೆ ಕಳಿಸಿ, ಅಥವಾ ಪ್ರೊಫೈಲ್‌ನ ಲಿಂಕ್ ನೋಡಿ. ಲೈಕ್, ಶೇರ್, ಫಾಲೊ, ಕಾಮೆಂಟ್ ಎಂದು ನಾಲ್ಕನ್ನೂ ಕೇಳಿದರೆ ಒಂದೂ ಸಿಗುವುದಿಲ್ಲ.

ಕ್ಯಾನ್ವಾಸ್ ಅಳತೆ

ಹೊಸ ಫೈಲ್: ಅಗಲ 1080 ಪಿಕ್ಸೆಲ್, ಎತ್ತರ 1350. ಇದು 4:5 ಪ್ರಮಾಣ. ಚೌಕಕ್ಕಿಂತ ಶೇ 25ರಷ್ಟು ಹೆಚ್ಚು ಎತ್ತರ, ಅಂದರೆ ಫೋನ್ ಪರದೆಯಲ್ಲಿ ಅಷ್ಟು ಹೆಚ್ಚು ಜಾಗ. 1080ಕ್ಕಿಂತ ದೊಡ್ಡ ಅಗಲ ಇಟ್ಟು ‘ಕ್ವಾಲಿಟಿ’ ಗಳಿಸಲು ಹೊರಡುವವರಿದ್ದಾರೆ. ಹಾಗೆ ಮಾಡಿದರೆ ಚಿತ್ರವನ್ನು ಇನ್‌ಸ್ಟಾಗ್ರಾಂ ತನ್ನದೇ ರೀತಿಯಲ್ಲಿ ಕಿರಿದುಮಾಡುತ್ತದೆ, ಸಣ್ಣ ಅಕ್ಷರಗಳ ಅಂಚು ಮೆತ್ತಗಾಗುತ್ತದೆ. ಕಿರಿದುಮಾಡುವ ಕೆಲಸ ನಿಮ್ಮ ಕೈಯಲ್ಲೇ ಇರಲಿ.

2025ರ ಜನವರಿಯಲ್ಲಿ ಪ್ರೊಫೈಲ್ ಗ್ರಿಡ್‌ನ ಚೌಕಗಳು ಹೋಗಿ 3:4ರ ಆಯತಗಳು ಬಂದವು. ಆಮೇಲೆ 3:4 ಚಿತ್ರವನ್ನೇ, ಅಂದರೆ 1080×1440 ಪಿಕ್ಸೆಲ್‌ನದನ್ನೇ, ನೇರವಾಗಿ ಹಾಕಲೂ ಅವಕಾಶವಾಯಿತು. ಆದರೂ 4:5 ಅನ್ನೇ ಹಿಡಿದುಕೊಳ್ಳುವುದು ಸದ್ಯಕ್ಕೆ ಮೇಲು. ಅದೇ ಫೈಲ್ ಬೇರೆ ಜಾಲತಾಣಗಳಿಗೂ ನಡೆಯುತ್ತದೆ. 3:4 ಬೇಕೆನ್ನುವವರು ಶೆಡ್ಯೂಲಿಂಗ್ ಟೂಲ್ (ನಿಗದಿತ ಹೊತ್ತಿಗೆ ತಾನೇ ಪೋಸ್ಟ್ ಹಾಕುವ ಸಾಧನ) ಬಳಸುತ್ತಿದ್ದರೆ, ಅದು ಈ ಪ್ರಮಾಣವನ್ನು ಕತ್ತರಿಸದೆ ಒಪ್ಪುತ್ತದೆಯೇ ಎಂದು ಒಂದು ಪರೀಕ್ಷಾ ಪೋಸ್ಟ್ ಹಾಕಿ ನೋಡಿಕೊಳ್ಳಬೇಕು.

ಈಗ ಕತ್ತರಿಯ ಲೆಕ್ಕ. 1350 ಎತ್ತರದ ಚಿತ್ರವನ್ನು 3:4ಕ್ಕೆ ಕೂರಿಸಿದರೆ ಅಗಲದಲ್ಲಿ 1012.5 ಪಿಕ್ಸೆಲ್ ಮಾತ್ರ ಉಳಿಯುತ್ತದೆ, ಎಡಕ್ಕೂ ಬಲಕ್ಕೂ ಸುಮಾರು 34 ಪಿಕ್ಸೆಲ್ ಗ್ರಿಡ್‌ನಲ್ಲಿ ಕಾಣುವುದಿಲ್ಲ. ಚೌಕವಾಗಿ ಕತ್ತರಿಸಿ ತೋರಿಸುವ ಜಾಗಗಳಲ್ಲಿ ಮೇಲೆ 135, ಕೆಳಗೆ 135 ಹೋಗುತ್ತದೆ. ಆದ್ದರಿಂದ:

– ಎಲ್ಲ ಸ್ಲೈಡ್‌ಗಳಲ್ಲೂ ನಾಲ್ಕೂ ಕಡೆ 90 ಪಿಕ್ಸೆಲ್ ಅಂಚು ಬಿಡಿ. ಬರಹಕ್ಕೆ ಉಳಿಯುವ ಅಗಲ 900.
– ಮೊದಲ ಸ್ಲೈಡ್‌ನ ಶೀರ್ಷಿಕೆ ಮಧ್ಯದ 1080 ಎತ್ತರದೊಳಗೆ, ಅಂದರೆ ಮೇಲಿನಿಂದ 135 ಮತ್ತು 1215ರ ನಡುವೆ ಇರಲಿ.
– ಬಲ ಮೇಲ್ಮೂಲೆಯಲ್ಲಿ ‘1/8’ ಎಂಬ ಎಣಿಕೆಯ ಗುಳಿಗೆ ಬಂದು ಕೂರುತ್ತದೆ. ಅಲ್ಲಿ ಲೋಗೊ ಇಟ್ಟರೆ ಮುಚ್ಚಿಹೋಗುತ್ತದೆ. ಲೋಗೊ ಎಡಕ್ಕೋ ಕೆಳಕ್ಕೋ ಹೋಗಲಿ.

ಇನ್ನೊಂದು ನಿಯಮ: ಮೊದಲ ಸ್ಲೈಡ್ ಯಾವ ಪ್ರಮಾಣದಲ್ಲಿದೆಯೋ ಉಳಿದವೆಲ್ಲ ಅದಕ್ಕೇ ಒಗ್ಗಬೇಕು. ನಡುವೆ ಒಂದು ಚೌಕದ ಚಿತ್ರ ಸೇರಿಸಿದರೆ ಅದರ ಎರಡು ಮಗ್ಗುಲು ಕತ್ತರಿಸಿಹೋಗುತ್ತವೆ.

ಅಕ್ಷರದ ಗಾತ್ರ: ಮೂರರಿಂದ ಭಾಗಿಸಿ

ಫೋನ್ ತನ್ನ ಪರದೆಯ ಅಗಲವನ್ನು ಲೆಕ್ಕ ಹಾಕುವುದು ಸಾಮಾನ್ಯವಾಗಿ 360ರಿಂದ 430 ಏಕಮಾನಗಳಲ್ಲಿ. ನಿಮ್ಮ 1080 ಪಿಕ್ಸೆಲ್ ಆ ಜಾಗಕ್ಕೆ ಇಳಿಯಬೇಕು. ಚಿಕ್ಕ ಫೋನ್ ಹಿಡಿದು ಲೆಕ್ಕ ಹಾಕಿದರೆ ಕ್ಯಾನ್ವಾಸ್‌ನ ಎಲ್ಲ ಗಾತ್ರವನ್ನೂ ಮೂರರಿಂದ ಭಾಗಿಸಿದಂತೆ. ಕ್ಯಾನ್ವಾಸ್‌ನಲ್ಲಿ 30 ಇಟ್ಟದ್ದು ಓದುಗನ ಕೈಯಲ್ಲಿ 10, ಅದನ್ನು ಕಣ್ಣು ಕಿರಿದು ಮಾಡಿ ಓದಬೇಕು. 42 ಇಟ್ಟರೆ 14, ಓದಲು ಅಡ್ಡಿಯಿಲ್ಲ. ಶೀರ್ಷಿಕೆಗೆ 90ರಿಂದ 120, ಮುಖ್ಯ ಬರಹಕ್ಕೆ 44ರಿಂದ 52, ಚಿತ್ರದ ಕೃಪೆ ಮುಂತಾದ ಸಣ್ಣ ಸಾಲಿಗೆ ಕನಿಷ್ಠ 34. ಇದಕ್ಕೆ ಹಿಡಿಸದಷ್ಟು ಬರಹವಿದ್ದರೆ ಕಿರಿದಾಗಬೇಕಾದ್ದು ಬರಹ, ಅಕ್ಷರವಲ್ಲ.

ಕಂಪ್ಯೂಟರ್‌ನಲ್ಲಿ ಕೆಲಸ ಮಾಡುವಾಗ ಆಗಾಗ ಝೂಮ್ ಅನ್ನು ಶೇ 33ಕ್ಕೆ ಇಳಿಸಿ ನೋಡುತ್ತಿರಿ. ಅದಕ್ಕಿಂತ ನಂಬಿಕಸ್ಥ ಪರೀಕ್ಷೆ ಎಂದರೆ ಒಂದು ಸ್ಲೈಡ್ ಎಕ್ಸ್‌ಪೋರ್ಟ್ ಮಾಡಿ ಫೋನ್‌ಗೆ ಕಳಿಸಿ, ಬ್ರೈಟ್‌ನೆಸ್ ಅರ್ಧಕ್ಕಿಳಿಸಿ, ಕೈಯಳತೆಯ ದೂರದಲ್ಲಿ ಹಿಡಿದು ಓದುವುದು.

ಕನ್ನಡ ಲಿಪಿ ಕೊಡುವ ಕಾಟ, ಅದಕ್ಕೆ ಮದ್ದು

ಕನ್ನಡದಲ್ಲಿ ಪೋಸ್ಟ್ ಮಾಡುವವರು ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದು. ಇಂಗ್ಲಿಷ್‌ಗೆಂದು ಮಾಡಿದ ಟೆಂಪ್ಲೇಟ್‌ಗೆ ಕನ್ನಡ ಸುರಿದರೆ ನಾಲ್ಕು ಕಡೆ ಕೈಕೊಡುತ್ತದೆ.

ಮೊದಲನೆಯದು ಹಳೆಯ ಫೈಲ್‌ಗಳು. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ನಕಲಿಸಿ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫಾಂಟ್ ಬದಲಿಸಿದರೆ ಸರಿಹೋಗದು. ಅದನ್ನು ಯೂನಿಕೋಡ್‌ಗೆ, ಅಂದರೆ ಈಗಿನ ಸಾಧನಗಳೆಲ್ಲ ಓದುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿಯೇ ಬಳಸಬೇಕು. ಪರಿವರ್ತನೆಯ ನಂತರ ಅರ್ಕಾವತ್ತು ಇರುವ ಪದಗಳನ್ನು, ಅಂದರೆ ‘ಸೂರ್ಯ’, ‘ಧರ್ಮ’, ‘ವರ್ಷ’ದಂಥವನ್ನು, ಕಣ್ಣಿಟ್ಟು ನೋಡಿ. ತಪ್ಪು ಅಡಗುವುದು ಅಲ್ಲೇ.

ಎರಡನೆಯದು ಒಡೆದ ಒತ್ತಕ್ಷರ. ಫೋಟೊಶಾಪ್‌ನಲ್ಲಿ ‘ಪ್ರಶ್ನೆ’ ಎಂಬುದು ‘ಪ್‌ರಶ್‌ನೆ’ ಎಂದು ಬಿಡಿಬಿಡಿಯಾಗಿ ಕಂಡರೆ ಫಾಂಟ್ ಕೆಟ್ಟಿದೆ ಎಂದುಕೊಳ್ಳಬೇಡಿ. ಅಕ್ಷರ ಜೋಡಿಸುವ ಎಂಜಿನ್ ಲ್ಯಾಟಿನ್‌ಗೆ ಹೊಂದಿಸಿರುತ್ತದೆ, ಅಷ್ಟೇ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ (ಹಳೆಯ ಆವೃತ್ತಿಗಳಲ್ಲಿ ಇದರ ಹೆಸರು ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್), ಆ್ಯಪ್ ಮುಚ್ಚಿ ತೆರೆಯಿರಿ. ಅದಾಗಲೇ ಟೈಪ್ ಮಾಡಿದ ಲೇಯರ್‌ಗಳು ತಾವಾಗಿ ಬದಲಾಗದಿದ್ದರೆ, ಆ ಲೇಯರ್ ಹಿಡಿದು ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲೂ ಅದನ್ನೇ ಆರಿಸಬೇಕು.

ಮೂರನೆಯದು ಸಾಲುಗಳ ಡಿಕ್ಕಿ. ಕನ್ನಡದ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು, ಏತ್ವಗಳು ಮೇಲೇರುತ್ತವೆ. ಮೇಲಿನ ಸಾಲಿನಲ್ಲಿ ‘ರಾಷ್ಟ್ರ’, ಅದರ ನೇರ ಕೆಳಗೆ ‘ಕೀಲಿ’ ಬಂದರೆ ಒಂದರ ಕಾಲು ಇನ್ನೊಂದರ ತಲೆಗೆ ತಾಗುತ್ತದೆ. ಇಂಗ್ಲಿಷ್‌ಗೆ ಅಕ್ಷರದ ಗಾತ್ರದ 1.2 ಪಟ್ಟು ಸಾಲಂತರ ಸಾಕಾದರೆ ಕನ್ನಡದ ಮುಖ್ಯ ಬರಹಕ್ಕೆ 1.5, ದೊಡ್ಡ ಶೀರ್ಷಿಕೆಗೆ 1.3 ಇಟ್ಟು ಶುರುಮಾಡಿ. ಅಕ್ಷರಗಳ ನಡುವಿನ ಅಂತರ, ಅಂದರೆ ಲೆಟರ್ ಸ್ಪೇಸಿಂಗ್, ಸೊನ್ನೆಯಲ್ಲೇ ಇರಲಿ. ಅದನ್ನು ಹಿಗ್ಗಿಸಿದರೆ ಗುಣಿತದ ಚಿಹ್ನೆಗಳು, ಒತ್ತುಗಳು ತಮ್ಮ ಅಕ್ಷರದಿಂದ ದೂರ ಸರಿದು ಪದ ಹರಿದಂತೆ ಕಾಣುತ್ತದೆ.

ನಾಲ್ಕನೆಯದು ಉದ್ದ. ಕನ್ನಡದ ಪದಕ್ಕೆ ಪ್ರತ್ಯಯ ಅಂಟುತ್ತಾ ಹೋಗುತ್ತದೆ. ‘ಮಾಡಬೇಕಾಗಿರುವುದರಿಂದ’ ಎಂಬುದು ಒಂದೇ ಪದ, ಶೀರ್ಷಿಕೆಯ ಗಾತ್ರದಲ್ಲಿ ಅದು ಒಂದು ಸಾಲನ್ನೇ ನುಂಗುತ್ತದೆ. 96ರ ಗಾತ್ರದಲ್ಲಿ 900 ಪಿಕ್ಸೆಲ್ ಅಗಲಕ್ಕೆ ಹತ್ತು ಹನ್ನೆರಡು ಅಕ್ಷರ ಹಿಡಿದರೆ ಹೆಚ್ಚು. ಶೀರ್ಷಿಕೆಗೆ ಗಿಡ್ಡ ಪದ, ಆಡುಮಾತಿನ ಕ್ರಿಯಾಪದ ಆರಿಸಿ. ‘ಮಸುಕಾಗುವುದು’ ಬದಲು ‘ಮಸುಕಾಗೋದು’ ಎಂದರೆ ಅಕ್ಷರ ಉಳಿಯುವುದರ ಜೊತೆಗೆ ಮಾತೂ ಹತ್ತಿರವಾಗುತ್ತದೆ. ಎರಡೂ ಅಂಚಿಗೆ ಸಮಮಾಡುವ ಜಸ್ಟಿಫೈ ಬೇಡವೇ ಬೇಡ. ಉದ್ದ ಪದಗಳ ನಡುವೆ ಹೊಂಡ ಬೀಳುತ್ತದೆ. ಎಡಕ್ಕೆ ಜೋಡಿಸಿ.

ಫಾಂಟ್‌ಗಳಿಗೆ ಬರವಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2, ಟಿರೊ ಕನ್ನಡ ಮೊದಲಾದವು ಉಚಿತವಾಗಿ, ವ್ಯಾಪಾರದ ಬಳಕೆಗೂ ಸಿಗುತ್ತವೆ. ಬಾಲೂ ಶೀರ್ಷಿಕೆಗೆ ಸರಿ, ಉದ್ದ ಬರಹಕ್ಕೆ ತೂಕ ಹೆಚ್ಚು. ಅನೇಕ್‌ನಲ್ಲಿ ದಪ್ಪವಷ್ಟೇ ಅಲ್ಲ, ಅಗಲವೂ ಹಲವು ಬಗೆ. ಉದ್ದ ಪದದ ಶೀರ್ಷಿಕೆಗೆ ಅದರ ಕಿರಿದಗಲದ ರೂಪ ಬಹಳ ಉಪಕಾರಿ. ಒಂದು ಕ್ಯಾರೊಸೆಲ್‌ಗೆ ಎರಡಕ್ಕಿಂತ ಹೆಚ್ಚು ಫಾಂಟ್ ಬೇಡ. ಬೋಲ್ಡ್ ರೂಪವೇ ಇಲ್ಲದ ಫಾಂಟ್‌ಗೆ ಆ್ಯಪ್‌ನ ಬೋಲ್ಡ್ ಗುಂಡಿ ಒತ್ತಿದರೆ ಅಕ್ಷರದ ಹೊರಗೆರೆ ಉಬ್ಬಿ, ಒತ್ತುಗಳೊಳಗಿನ ಸಣ್ಣ ಖಾಲಿ ಜಾಗ ಮುಚ್ಚಿಹೋಗುತ್ತದೆ.

ಬಣ್ಣ

ವೆಬ್‌ನ ಸುಗಮ್ಯತೆಯ ಮಾನದಂಡದ ಪ್ರಕಾರ ಸಾಮಾನ್ಯ ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಹೊಳಪಿನ ವ್ಯತ್ಯಾಸ ಬೇಕು. ಬಿಳಿಯ ಮೇಲೆ #777777 ಬೂದು ಬಣ್ಣ 4.48ಕ್ಕೆ ನಿಂತು ಕೂದಲೆಳೆಯಲ್ಲಿ ನಪಾಸಾಗುತ್ತದೆ, #767676 ಪಾಸಾಗುತ್ತದೆ. ಬಿಸಿಲಿನಲ್ಲಿ ಫೋನ್ ನೋಡುವವರನ್ನು ನೆನೆದರೆ 7:1ರ ಹತ್ತಿರ ಇಡುವುದೇ ಕ್ಷೇಮ. ಫೋಟೊದ ಮೇಲೆ ಬರೆಯುವುದಾದರೆ ನಡುವೆ ಶೇ 50ರಿಂದ 60 ಗಾಢತೆಯ ಕಪ್ಪು ಪದರ ಹಾಸಿ. ಅಕ್ಷರಕ್ಕೆ ನೆರಳು ಹಾಕುವ ಉಪಾಯ ಸಣ್ಣ ಪರದೆಯಲ್ಲಿ ಕೊಳೆಯಂತೆ ಕಾಣುತ್ತದೆ.

ಕೆಂಪು ಅಕ್ಷರಗಳ ಅಂಚು ಅಪ್‌ಲೋಡ್ ಆದ ಮೇಲೆ ಕದಡಿದಂತೆ ಕಾಣುವುದಕ್ಕೆ ಬೇರೆಯದೇ ಕಾರಣವಿದೆ. ಜೆಪೆಗ್ ಸಂಕೋಚನ ಬೆಳಕಿನ ವಿವರವನ್ನು ಪೂರ್ತಿ ಇಟ್ಟುಕೊಂಡು, ಬಣ್ಣದ ವಿವರವನ್ನು ಸಾಮಾನ್ಯವಾಗಿ ಉದ್ದಗಲಗಳಲ್ಲಿ ಅರ್ಧಕ್ಕಿಳಿಸುತ್ತದೆ. ಬೆಳಕು ಹೆಚ್ಚುಕಡಿಮೆ ಒಂದೇ ಇದ್ದು ಬಣ್ಣ ಮಾತ್ರ ಬೇರೆಯಾಗಿರುವ ಜೋಡಿ, ಉದಾಹರಣೆಗೆ ನೀಲಿಯ ಮೇಲೆ ಕೆಂಪು, ಆಗ ಗಡಿ ಕಳೆದುಕೊಳ್ಳುತ್ತದೆ. ಜೋಡಿಯನ್ನು ಪರೀಕ್ಷಿಸಲು ಸ್ಲೈಡನ್ನು ಕಪ್ಪು ಬಿಳುಪಿಗೆ ತಿರುಗಿಸಿ. ಬರಹ ಆಗಲೂ ಎದ್ದು ಕಂಡರೆ ಅಪ್‌ಲೋಡ್ ಆದ ಮೇಲೂ ಕಾಣುತ್ತದೆ.

ಒಂದೇ ಪಟ್ಟಿಯಂತೆ ಹರಿಯುವ ಸ್ಲೈಡ್‌ಗಳು

ಒಂದು ಸ್ಲೈಡ್‌ನಲ್ಲಿ ಶುರುವಾದ ಗೆರೆ, ಬಾಣ ಅಥವಾ ಫೋಟೊ ಮುಂದಿನದಕ್ಕೆ ಹರಿದರೆ ‘ಇನ್ನೂ ಇದೆ’ ಎಂದು ಬಾಯಿಬಿಟ್ಟು ಹೇಳಬೇಕಿಲ್ಲ. ಇದಕ್ಕೆ ಎಲ್ಲ ಸ್ಲೈಡ್‌ಗಳನ್ನು ಒಂದೇ ಉದ್ದನೆಯ ಕ್ಯಾನ್ವಾಸ್‌ನಲ್ಲಿ ಮಾಡಿ, ಆಮೇಲೆ ಹೋಳು ಮಾಡಬೇಕು.

1. ಎಂಟು ಸ್ಲೈಡ್ ಎಂದರೆ 8 × 1080 = 8640 ಅಗಲ, 1350 ಎತ್ತರದ ಫೈಲ್ ತೆರೆಯಿರಿ.

2. 1080, 2160, 3240, ಹೀಗೆ 7560ರವರೆಗೆ ಏಳು ನೇರ ಗೈಡ್ (ಅಳತೆಯ ಗುರುತುಗೆರೆ) ಹಾಕಿ. ಮೌಸ್‌ನಿಂದ ಅಂದಾಜಿಗೆ ಎಳೆಯಬೇಡಿ, ಸಂಖ್ಯೆಯನ್ನೇ ಟೈಪ್ ಮಾಡಿ. ಗೈಡ್ 1080.4ರಲ್ಲಿ ಕೂತರೆ ಕತ್ತರಿಸಿದ ಅಂಚಿನಲ್ಲಿ ಒಂದು ಪಿಕ್ಸೆಲ್‌ನ ಬಿಳಿ ಕೂದಲು ಕಾಣುತ್ತದೆ, ಸರಿಸುವಾಗ ಅದು ಮಿನುಗಿ ಗುಟ್ಟು ರಟ್ಟಾಗುತ್ತದೆ.

3. ಪ್ರತಿ ಗೈಡ್‌ನ ಎರಡೂ ಬದಿಗೆ 90 ಪಿಕ್ಸೆಲ್‌ನ ಪಟ್ಟಿ ಗುರುತು ಮಾಡಿ. ಅಲ್ಲಿ ಅಕ್ಷರ ಬರಬಾರದು, ಮುಖ ಬರಬಾರದು. ಚಿತ್ರ, ಗೆರೆ, ಬಣ್ಣದ ಆಕಾರ ಮಾತ್ರ ದಾಟಬಹುದು.

4. ಗೆರೆ ದಾಟುವ ವಸ್ತುವಿನ ಕಾಲು ಭಾಗವಾದರೂ ಹಿಂದಿನ ಸ್ಲೈಡ್‌ನಲ್ಲಿ ಇಣುಕಬೇಕು. ಹತ್ತು ಪಿಕ್ಸೆಲ್ ಇಣುಕಿದರೆ ಅದು ಸೆಳೆಯುವುದಿಲ್ಲ, ತಪ್ಪಾಗಿ ಉಳಿದ ಚೂರಿನಂತೆ ಕಾಣುತ್ತದೆ. ಎಲ್ಲ ಜೋಡಣೆಯಲ್ಲೂ ಹೀಗೆ ಮಾಡುವುದು ಬೇಡ. ಓದುಗ ಬಿಟ್ಟುಹೋಗುವ ಸಾಧ್ಯತೆ ಹೆಚ್ಚಿರುವ ಒಂದು–ಎರಡು, ಎರಡು–ಮೂರರ ನಡುವೆ ಖಂಡಿತ ಇರಲಿ.

5. ಕತ್ತರಿಸಿ. ಫೋಟೊಶಾಪ್‌ನಲ್ಲಿ ಸ್ಲೈಸ್ ಟೂಲ್ ಹಿಡಿದು ‘ಸ್ಲೈಸಸ್ ಫ್ರಮ್ ಗೈಡ್ಸ್’ ಒತ್ತಿ, ಸೇವ್ ಫಾರ್ ವೆಬ್‌ನಿಂದ ಎಲ್ಲವನ್ನೂ ಒಟ್ಟಿಗೆ ತೆಗೆಯಬಹುದು. ಗಿಂಪ್‌ನಲ್ಲಿ ‘ಸ್ಲೈಸ್ ಯೂಸಿಂಗ್ ಗೈಡ್ಸ್’ ಇದೆ. ಫಿಗ್ಮಾದಲ್ಲಿ ಉಪಾಯ ಬೇರೆ: 1080×1350ರ ಎಂಟು ಫ್ರೇಮ್‌ಗಳನ್ನು ಅಂತರವಿಲ್ಲದೆ ಮಗ್ಗುಲಲ್ಲಿ ಜೋಡಿಸಿ, ಗಡಿ ದಾಟುವ ಚಿತ್ರದ ಒಂದೊಂದು ಪ್ರತಿಯನ್ನು ಎರಡೂ ಫ್ರೇಮ್‌ನೊಳಗೆ ಇಟ್ಟು ‘ಕ್ಲಿಪ್ ಕಂಟೆಂಟ್’ ಹಾಕಿ. ಒಂದು ಫ್ರೇಮ್‌ನಲ್ಲಿ ಚಿತ್ರದ ಅಡ್ಡಸ್ಥಾನ 800 ಇದ್ದರೆ ಮುಂದಿನದರಲ್ಲಿ ಅದು 800 – 1080, ಅಂದರೆ –280.

6. ಫೈಲ್‌ಗಳಿಗೆ 01, 02, 03 ಎಂದು ಹೆಸರಿಡಿ. ಬರೀ 1, 2 ಎಂದಿಟ್ಟರೆ ಹತ್ತು ದಾಟಿದಾಗ ಕೆಲವು ಆ್ಯಪ್‌ಗಳಲ್ಲಿ 10 ಎಂಬುದು 2ಕ್ಕಿಂತ ಮುಂಚೆ ಬಂದು ಕೂರುತ್ತದೆ.

ಎಕ್ಸ್‌ಪೋರ್ಟ್, ಅಪ್‌ಲೋಡ್

ಬಣ್ಣದ ಪ್ರೊಫೈಲ್ ಎಸ್‌ಆರ್‌ಜಿಬಿ (ಪರದೆಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣದ ಮಾನದಂಡ) ಇರಲಿ. ಮುದ್ರಣದ ಸಿಎಂವೈಕೆ ಅಥವಾ ಅಗಲ ವ್ಯಾಪ್ತಿಯ ಪ್ರೊಫೈಲ್‌ನಲ್ಲಿ ಉಳಿಸಿದರೆ ಒಂದು ಫೋನ್‌ನಲ್ಲಿ ಹೊಳೆಯುವ ಕಿತ್ತಳೆ ಇನ್ನೊಂದರಲ್ಲಿ ಮಂಕಾಗುತ್ತದೆ. ಫೋಟೊ ಹೆಚ್ಚಿದ್ದರೆ ಜೆಪೆಗ್, ಗುಣಮಟ್ಟ 85–90. ಚಪ್ಪಟೆ ಬಣ್ಣ, ಬರಹವೇ ಹೆಚ್ಚಿದ್ದರೆ ಪಿಎನ್‌ಜಿ. ಇನ್‌ಸ್ಟಾಗ್ರಾಂ ಹೇಗೂ ಇನ್ನೊಮ್ಮೆ ಸಂಕುಚಿಸುತ್ತದೆ, ಆದರೆ ಸ್ವಚ್ಛ ಮೂಲದಿಂದ ಒಮ್ಮೆ ಸಂಕುಚಿಸುವುದಕ್ಕೂ ಅದಾಗಲೇ ಸವೆದದ್ದನ್ನು ಮತ್ತೆ ಸಂಕುಚಿಸುವುದಕ್ಕೂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಕಂಪ್ಯೂಟರ್‌ನಿಂದ ಫೋನ್‌ಗೆ ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅಲ್ಲೇ ಒಂದು ಸುತ್ತು ಸವೆಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಡ್ರೈವ್ ಬಳಸಿ. ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನ ಡೇಟಾ ಮತ್ತು ಮೀಡಿಯಾ ಗುಣಮಟ್ಟದ ವಿಭಾಗದಲ್ಲಿ ‘ಅಪ್‌ಲೋಡ್ ಅಟ್ ಹೈಯೆಸ್ಟ್ ಕ್ವಾಲಿಟಿ’ ಆನ್ ಮಾಡಿ.

ಆರಿಸುವಾಗ ಪ್ರತಿ ಚಿತ್ರದ ಮೇಲೆ ಬೀಳುವ ಕ್ರಮಸಂಖ್ಯೆ ನೋಡಿಕೊಳ್ಳಿ. ಮೊದಲ ಚಿತ್ರ ಚೌಕಕ್ಕೆ ಕತ್ತರಿಸಿ ಕಂಡರೆ ಮೂಲ ಪ್ರಮಾಣಕ್ಕೆ ತಿರುಗಿಸುವ ಗುಂಡಿ ಅಲ್ಲೇ ಇರುತ್ತದೆ. ಶೇರ್ ಒತ್ತುವ ಮುನ್ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಸ್ಲೈಡ್‌ಗೆ ಪರ್ಯಾಯ ಪಠ್ಯ ಬರೆಯಿರಿ. ಚಿತ್ರದೊಳಗಿನ ಅಕ್ಷರ ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ) ಬಳಸುವವರಿಗೆ ತಲುಪಲು ಇರುವ ಖಾತರಿಯ ದಾರಿ ಇದೇ.

ಕ್ಯಾಪ್ಷನ್‌ಗೆ 2200 ಚಿಹ್ನೆಗಳ ಮಿತಿ. ನಮ್ಮ ಕಣ್ಣಿಗೆ ‘ಸ್ತ್ರೀ’ ಒಂದೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಆರು. ಹಾಗಾಗಿ ಕನ್ನಡದ ಕ್ಯಾಪ್ಷನ್ ಕಂಡದ್ದಕ್ಕಿಂತ ಬೇಗ ತುಂಬುತ್ತದೆ. ಫೀಡ್‌ನಲ್ಲಿ ಮೊದಲ ಒಂದೆರಡು ಸಾಲಷ್ಟೇ ಕಾಣುವುದರಿಂದ ಮುಖ್ಯ ಪದಗಳು ಅಲ್ಲೇ ಬರಲಿ.

ಒಮ್ಮೆ ಪ್ರಕಟವಾದ ಮೇಲೆ ಒಂದು ಸ್ಲೈಡ್‌ನ ಕಾಗುಣಿತ ತಪ್ಪು ಕಂಡರೆ, ಆ ಚಿತ್ರದ ಜಾಗಕ್ಕೆ ತಿದ್ದಿದ ಚಿತ್ರ ಕೂರಿಸಲು ಬರುವುದಿಲ್ಲ. ಎಡಿಟ್‌ಗೆ ಹೋಗಿ ಆ ಸ್ಲೈಡ್ ಒಂದನ್ನೇ ಅಳಿಸಬಹುದು. ಹರಿಯುವ ಪಟ್ಟಿಯಾಗಿದ್ದರೆ ನಡುವಿನ ಹಲ್ಲು ಕಿತ್ತಂತೆ ಕಾಣುತ್ತದೆ. ಅದಕ್ಕೇ ಅಪ್‌ಲೋಡ್ ಮಾಡುವ ಮೊದಲು ಬರೆದವರಲ್ಲದ ಇನ್ನೊಬ್ಬರು ಓದಬೇಕು.

ಅಂಕಿ ಓದುವುದು

ಮೂರು ದಿನ ಬಿಟ್ಟು ಇನ್‌ಸೈಟ್ಸ್, ಅಂದರೆ ಪೋಸ್ಟಿನ ಅಂಕಿಅಂಶದ ಪುಟ, ತೆರೆಯಿರಿ. ಬರೀ ಲೈಕ್ ಎಣಿಸುವುದರಿಂದ ಏನೂ ತಿಳಿಯದು. ಸೇವ್ ಮತ್ತು ಕಳಿಸಿದ ಸಂಖ್ಯೆಯನ್ನು ತಲುಪಿದವರ ಸಂಖ್ಯೆಯಿಂದ ಭಾಗಿಸಿ. 4000 ಮಂದಿಗೆ ತಲುಪಿ 120 ಸೇವ್ ಆಗಿದ್ದರೆ ಶೇ 3. ಈ ಅಂಕಿಯನ್ನು ಬೇರೆಯವರದರ ಜೊತೆಗಲ್ಲ, ನಿಮ್ಮದೇ ಹಿಂದಿನ ಹತ್ತು ಪೋಸ್ಟ್‌ಗಳ ಜೊತೆ ಹೋಲಿಸಿ. ಇನ್‌ಸ್ಟಾಗ್ರಾಂ ಮುಖ್ಯಸ್ಥ ಆ್ಯಡಮ್ ಮೊಸೆರಿ 2025ರ ಆರಂಭದಲ್ಲಿ ಹೇಳಿದಂತೆ, ನಿಮ್ಮನ್ನು ಫಾಲೊ ಮಾಡದವರಿಗೆ ಪೋಸ್ಟ್ ತಲುಪುವಲ್ಲಿ ಜನ ಅದನ್ನು ಇನ್ನೊಬ್ಬರಿಗೆ ಕಳಿಸುವುದು ಹೆಚ್ಚು ತೂಗುತ್ತದೆ.

ತಲುಪಿದವರು ಕಡಿಮೆ, ಆದರೆ ಸೇವ್ ಪ್ರಮಾಣ ಚೆನ್ನಾಗಿದೆ ಎಂದರೆ ಒಳಗಿನ ವಿಷಯ ಗಟ್ಟಿ, ಮೊದಲ ಸ್ಲೈಡ್ ಸೋತಿದೆ. ಅದೇ ವಿಷಯವನ್ನು ಬೇರೆ ಶೀರ್ಷಿಕೆಯಲ್ಲಿ ಕೆಲವು ವಾರ ಬಿಟ್ಟು ಮತ್ತೆ ಹಾಕಬಹುದು. ತಲುಪಿದ್ದು ಬಹಳ, ಸೇವ್ ಇಲ್ಲವೇ ಇಲ್ಲ ಎಂದರೆ ಶೀರ್ಷಿಕೆ ಕೊಟ್ಟ ಮಾತನ್ನು ಒಳಗಿನ ಸ್ಲೈಡ್‌ಗಳು ಉಳಿಸಿಕೊಂಡಿಲ್ಲ.

ಕ್ಯಾಪ್ಷನ್‌ನಲ್ಲಿ ಹಾಕಿದ ಲಿಂಕ್ ಒತ್ತಲು ಬರುವುದಿಲ್ಲ, ಪ್ರೊಫೈಲ್‌ನಲ್ಲಿ ಐದು ಲಿಂಕ್‌ಗಳವರೆಗೆ ಇಡಬಹುದು. ಆ ಲಿಂಕ್‌ಗೆ, ಓದುಗ ಎಲ್ಲಿಂದ ಬಂದನೆಂದು ತಿಳಿಸುವ ಯುಟಿಎಂ ಬಾಲ ಅಂಟಿಸಿ, ಸೋರ್ಸ್, ಮೀಡಿಯಂ, ಕ್ಯಾಂಪೇನ್ ಮೂರನ್ನೂ ತುಂಬಿ. ಎಲ್ಲವನ್ನೂ ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲೇ ಬರೆಯಿರಿ. ಒಮ್ಮೆ ದೊಡ್ಡಕ್ಷರ, ಒಮ್ಮೆ ಸಣ್ಣಕ್ಷರ ಬಳಸಿದರೆ ವರದಿಯಲ್ಲಿ ಒಂದೇ ಮೂಲ ಎರಡಾಗಿ ಒಡೆಯುತ್ತದೆ.

ಇದೇ ಸ್ಲೈಡ್‌ಗಳನ್ನು ಲಿಂಕ್ಡ್‌ಇನ್‌ಗೂ ಒಯ್ಯುವುದಾದರೆ ಎಲ್ಲವನ್ನೂ ಒಂದು ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಪೋಸ್ಟ್ ಆಗಿ ಹಾಕಬೇಕು. ಮಿತಿ 100 ಎಂಬಿ, 300 ಪುಟ. ಅಪ್‌ಲೋಡ್ ಮಾಡುವ ಮೊದಲು ಆ ಪಿಡಿಎಫ್ ಅನ್ನು ನಿಮ್ಮ ಫಾಂಟ್ ಇಲ್ಲದ ಇನ್ನೊಂದು ಸಾಧನದಲ್ಲಿ ತೆರೆದು ಒತ್ತಕ್ಷರ ನೋಡಿ. ಒಡೆದಿದ್ದರೆ ಬರಹವನ್ನು ಔಟ್‌ಲೈನ್‌ಗೆ, ಅಂದರೆ ಫಾಂಟ್ ಬೇಡದ ಆಕಾರಗಳಿಗೆ, ತಿರುಗಿಸಿ ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಬೇಕು. ಕೊನೆಯ ಸ್ಲೈಡ್‌ನಲ್ಲಿರುವ ‘ಪ್ರೊಫೈಲ್‌ನ ಲಿಂಕ್ ನೋಡಿ’ ಎಂಬ ಸಾಲನ್ನು ಆಗಲೇ ಬದಲಿಸಿ. ಲಿಂಕ್ಡ್‌ಇನ್‌ನಲ್ಲಿ ಲಿಂಕನ್ನು ಪೋಸ್ಟಿನ ಬರಹದಲ್ಲೇ ಕೊಡಬಹುದು.